ವಿಜಯಪುರಕ್ಕೆ ಮತ್ತೊಮ್ಮೆ: ಎರಡು ದಿನದ ರಜೆಯಲ್ಲಿ ಹೊತ್ತು ನೋಡಿ ಸುತ್ತುವ ಬಗೆ

ಕರ್ನಾಟಕದ ಬಹಳಷ್ಟು ಜನ ವಿಜಯಪುರವನ್ನು ಮೊದಲು ನೋಡುವುದು ಶಾಲೆಯ ಪ್ರವಾಸದಲ್ಲಿ. ಬಸ್ಸು ಗೋಳಗುಮ್ಮಟದ ಮುಂದೆ ನಿಲ್ಲುತ್ತದೆ, ಎಲ್ಲರೂ ಏದುಸಿರು ಬಿಡುತ್ತ ಹತ್ತುತ್ತಾರೆ, ಮೇಲೆ ನಿಂತು ಗಂಟಲು ಕಟ್ಟುವಷ್ಟು ಕೂಗುತ್ತಾರೆ, ಇಳಿಯುತ್ತಾರೆ. ಹೊತ್ತು ಉಳಿದರೆ ಇಬ್ರಾಹಿಂ ರೋಜಾ, ಇಲ್ಲದಿದ್ದರೆ ಸೀದಾ ಆಲಮಟ್ಟಿ. ಆ ಊರು ಮತ್ತೆ ಕರೆಯುವುದು ಬಹುಶಃ ಇದಕ್ಕೇ. ನೋಡಿದ್ದು ಕಾಲು ಭಾಗವಷ್ಟೇ ಎಂಬುದು ಮನಸ್ಸಿಗೆ ಗೊತ್ತಿರುತ್ತದೆ.

ಎರಡನೇ ಸಲ ಹೋಗುವವರಲ್ಲಿ ಹೆಚ್ಚಿನವರು ಮೊದಲ ಸಲದ ಕ್ರಮದಲ್ಲೇ ಮತ್ತೆ ಸುತ್ತುತ್ತಾರೆ: ಇಳಿದ ಕೂಡಲೇ ಗೋಳಗುಮ್ಮಟ, ನಡುಮಧ್ಯಾಹ್ನ ಉಳಿದೆಲ್ಲ, ಸಂಜೆ ಸುಸ್ತು. ಈ ಕ್ರಮವನ್ನೇ ತಿರುಗಿಸಬೇಕು. ವಿಜಯಪುರದ ಕಟ್ಟಡಗಳಲ್ಲಿ ಹೆಚ್ಚಿನವು ಕಪ್ಪುಬೂದು ಬಣ್ಣದ ಬಸಾಲ್ಟ್ ಕಲ್ಲಿನವು. ಆ ಕಲ್ಲಿನ ಕೆತ್ತನೆ ಓರೆ ಬೆಳಕಿನಲ್ಲಿ ಮಾತ್ರ ಎದ್ದು ಕಾಣುತ್ತದೆ, ನೆತ್ತಿಯ ಮೇಲಿನ ಬಿಸಿಲಿನಲ್ಲಿ ಎಲ್ಲ ಒಂದೇ ಬಣ್ಣದ ಗೋಡೆ. ಹಾಗಾಗಿ ಯಾವ ಕಟ್ಟಡ ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ತಿಳಿದು ಹೊತ್ತು ಹೊಂದಿಸಿಕೊಂಡರೆ ಎರಡೇ ದಿನ ಸಾಕು.

ಯಾವಾಗ ಹೋಗಬೇಕು

ಅಕ್ಟೋಬರ್ ಕೊನೆಯಿಂದ ಫೆಬ್ರವರಿ ನಡುವಿನವರೆಗೆ. ಮಾರ್ಚ್ ಬಂತೆಂದರೆ ಕಲ್ಲು ಕಾಯತೊಡಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಪಾರಾ 40 ಡಿಗ್ರಿ ದಾಟುವುದು ಮಾಮೂಲು, ಬೆಳಿಗ್ಗೆ ಹತ್ತರ ನಂತರ ಹೊರಗೆ ನಿಲ್ಲಲಾಗುವುದಿಲ್ಲ. ಡಿಸೆಂಬರಿನಲ್ಲಿ ಹವೆ ಬಲು ಚೆನ್ನ, ಆದರೆ ಅದೇ ಶಾಲಾ ಪ್ರವಾಸದ ತಿಂಗಳು. ಸಂಕ್ರಾಂತಿಯ ಹೊತ್ತಿಗೆ ಸಿದ್ಧೇಶ್ವರ ಜಾತ್ರೆ. ಜಾತ್ರೆಗೆಂದೇ ಹೋಗುವವರಿಗೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ಸ್ಮಾರಕಗಳನ್ನು ನಿಧಾನವಾಗಿ ನೋಡಬೇಕೆನ್ನುವವರು ಆ ವಾರ ಬಿಟ್ಟುಬಿಡಿ, ಲಾಡ್ಜಿನಲ್ಲಿ ಕೋಣೆ ಸಿಗುವುದೇ ಕಷ್ಟ.

ವಾರದ ದಿನದ ಲೆಕ್ಕವೂ ಇದೆ. ಶುಕ್ರವಾರ ಗೋಳಗುಮ್ಮಟದ ವಸ್ತುಸಂಗ್ರಹಾಲಯಕ್ಕೆ ರಜೆ, ಜುಮ್ಮಾ ಮಸೀದಿಯಲ್ಲಿ ಮಧ್ಯಾಹ್ನದ ದೊಡ್ಡ ನಮಾಜು. ನಿಮ್ಮ ಎರಡು ದಿನದಲ್ಲಿ ಶುಕ್ರವಾರ ಬಾರದಂತೆ ನೋಡಿಕೊಳ್ಳಿ. ಶುಕ್ರವಾರ ರಾತ್ರಿ ಹೊರಟು ಶನಿವಾರ, ಭಾನುವಾರ ಇದ್ದು ಬರುವುದು ಬೆಂಗಳೂರಿನವರಿಗೆ ಸಲೀಸು.

ತಲುಪುವುದು, ಇಳಿದುಕೊಳ್ಳುವುದು

ಬೆಂಗಳೂರಿನಿಂದ ಸುಮಾರು 530 ಕಿ.ಮೀ. ಗೋಳಗುಮ್ಮಟ ಎಕ್ಸ್‌ಪ್ರೆಸ್ ರಾತ್ರಿಯಿಡೀ ಓಡಿ ಬೆಳಿಗ್ಗೆ ತಲುಪಿಸುತ್ತದೆ. ವಾರಾಂತ್ಯದ ಸ್ಲೀಪರ್ ಬೇಗ ತುಂಬುತ್ತದೆ, ಹೋಗುವ ಟಿಕೆಟ್ಟಿನ ಜತೆಗೇ ಬರುವ ಟಿಕೆಟ್ಟೂ ತೆಗೆದಿಡಿ. ಸ್ಲೀಪರ್ ಬಸ್ಸುಗಳೂ ಇವೆ. ಹುಬ್ಬಳ್ಳಿಯಿಂದ ಸುಮಾರು 200, ಕಲಬುರಗಿಯಿಂದ 160, ಸೊಲ್ಲಾಪುರದಿಂದ 100 ಕಿ.ಮೀ. ಪುಣೆ, ಮುಂಬೈ ಕಡೆಯ ಕನ್ನಡಿಗರಿಗೆ ಸೊಲ್ಲಾಪುರದವರೆಗೆ ರೈಲು, ಅಲ್ಲಿಂದ ಬಸ್ಸು ಅನುಕೂಲ.

ಊರು ಪೂರ್ವ ಪಶ್ಚಿಮವಾಗಿ ಚಾಚಿಕೊಂಡಿದೆ. ರೈಲು ನಿಲ್ದಾಣ, ಗೋಳಗುಮ್ಮಟ ಪೂರ್ವದಲ್ಲಿ. ಇಬ್ರಾಹಿಂ ರೋಜಾ ಪಶ್ಚಿಮದಲ್ಲಿ, ಕೋಟೆಗೋಡೆಯ ಆಚೆ. ನಡುವೆ ಗಾಂಧಿ ಚೌಕ, ಒಳಕೋಟೆಯಾದ ಅರಕಿಲ್ಲೆ, ಹಳೆಯ ಅರಮನೆಗಳು. ಇಳಿದುಕೊಳ್ಳಲು ಸ್ಟೇಷನ್ ರಸ್ತೆ ಅಥವಾ ಗಾಂಧಿ ಚೌಕದ ಆಸುಪಾಸು ನೋಡಿ, ಎರಡನೇ ದಿನ ನಸುಕಿನಲ್ಲೇ ಗೋಳಗುಮ್ಮಟಕ್ಕೆ ಹೋಗುವುದಿದೆ. ಊರಾಚೆಯ ಬೈಪಾಸಿನ ಹೋಟೆಲುಗಳು ಕಾರಿನವರಿಗೆ ಸರಿ, ಉಳಿದವರಿಗೆ ಆಟೋ ಖರ್ಚೇ ದಂಡ.

ಆಟೋವನ್ನು ಒಂದೊಂದು ಜಾಗಕ್ಕೆ ಬೇರೆ ಬೇರೆ ಹಿಡಿಯುವುದಕ್ಕಿಂತ ಅರ್ಧ ದಿನಕ್ಕೆ ಮಾತಾಡಿಕೊಳ್ಳಿ. ಮಾತಾಡುವಾಗ ಜಾಗಗಳ ಹೆಸರು ಹೇಳಿಯೇ ಮಾತಾಡಬೇಕು: ‘ಇಬ್ರಾಹಿಂ ರೋಜಾ, ತಾಜ್ ಬಾವಡಿ, ಮಲಿಕ್ ಮೈದಾನ, ಉಪ್ಪಲಿ ಬುರುಜು, ಕಾಯುವುದೂ ಸೇರಿ ಎಷ್ಟು?’ ಸುಮ್ಮನೆ ‘ಊರು ತೋರಿಸಿ’ ಅಂದರೆ ಪ್ರತಿ ಜಾಗದಲ್ಲೂ ಹತ್ತೇ ನಿಮಿಷ ಕೊಟ್ಟು ಅವಸರ ಮಾಡುತ್ತಾರೆ. ಅವರ ತಪ್ಪಲ್ಲ, ಹೆಚ್ಚಿನ ಪ್ರವಾಸಿಗರು ಕೇಳುವುದೇ ಅಷ್ಟು.

ಮೊದಲ ದಿನ, ಊಟದ ಮುಂಚೆ: ಊರಿನ ನಡುಭಾಗ

ಸ್ನಾನ, ನಾಷ್ಟಾ ಮುಗಿಸಿ ಹೊರಡುವ ಹೊತ್ತಿಗೆ ಬಿಸಿಲು ಏರಿರುತ್ತದೆ. ಗೋಳಗುಮ್ಮಟದ ಆಸೆಯನ್ನು ಆ ದಿನ ಅದುಮಿಟ್ಟು ಜುಮ್ಮಾ ಮಸೀದಿಗೆ ಹೋಗಿ. 1565ರ ತಾಳಿಕೋಟೆ ಯುದ್ಧದ ನಂತರ ವಿಜಯಪುರದ ಸುಲ್ತಾನ ಒಂದನೇ ಅಲಿ ಆದಿಲ್ ಶಾಹ ಶುರುಮಾಡಿದ ಮಸೀದಿ ಇದು. ಮೆಕ್ಕಾದ ಕಡೆಗೆ, ಅಂದರೆ ಪಶ್ಚಿಮಕ್ಕೆ, ನಮಾಜು ಮಾಡುವುದರಿಂದ ಇಲ್ಲಿನ ಮಸೀದಿಗಳೆಲ್ಲ ಪೂರ್ವಕ್ಕೆ ತೆರೆದಿರುತ್ತವೆ. ಬೆಳಗಿನ ಬೆಳಕು ಕಮಾನುಗಳ ಒಳಗೆ ಉದ್ದಕ್ಕೆ ಬೀಳುತ್ತದೆ, ಬಿಸಿಲು ಏರಿದರೂ ಒಳಗೆ ತಂಪು. ನೆಲದ ಮೇಲೆ ಒಬ್ಬೊಬ್ಬರಿಗೆ ಒಂದೊಂದರಂತೆ ಎರಡು ಸಾವಿರಕ್ಕೂ ಹೆಚ್ಚು ಚೌಕಗಳನ್ನು ಬರೆದಿದ್ದಾರೆ. ಮಿಹ್ರಾಬಿನ, ಅಂದರೆ ಪಶ್ಚಿಮ ಗೋಡೆಯ ಪ್ರಾರ್ಥನೆಯ ಗೂಡಿನ, ಬಂಗಾರದ ಬರಹ ಮತ್ತು ಬಣ್ಣದ ಕೆಲಸ 1636ರದ್ದು, ಮಹಮ್ಮದ್ ಆದಿಲ್ ಶಾಹನ ಕಾಲದ್ದು. ಅದಕ್ಕೆ ಸಾಮಾನ್ಯವಾಗಿ ಪರದೆ ಹಾಕಿರುತ್ತಾರೆ. ನೋಡಿಕೊಳ್ಳುವವರನ್ನು ವಿನಯದಿಂದ ಕೇಳಿದರೆ ಸರಿಸುವುದುಂಟು, ನಮಾಜಿನ ಹೊತ್ತಿನಲ್ಲಿ ಕೇಳಬಾರದು. ತಲೆಗೆ ಒಂದು ವಸ್ತ್ರ, ಮೈ ಮುಚ್ಚುವ ಬಟ್ಟೆ ಇರಲಿ. ಚಪ್ಪಲಿ ಹೊರಗೆ ಬಿಡಬೇಕು, ಅಂಗಳದ ಕಲ್ಲು ಹನ್ನೊಂದಕ್ಕೇ ಸುಡುತ್ತದೆ. ಒಂದು ಜೊತೆ ಹಳೆಯ ಕಾಲುಚೀಲ ಚೀಲದಲ್ಲಿದ್ದರೆ ಎರಡೂ ದಿನ ಉಪಕಾರಕ್ಕೆ ಬರುತ್ತದೆ.

ಅಲ್ಲಿಂದ ಅರಕಿಲ್ಲೆಯ ಕಡೆ ನಡೆಯುವ ದಾರಿಯಲ್ಲಿ ಮೆಹ್ತರ್ ಮಹಲ್ ಸಿಗುತ್ತದೆ. ಹೆಸರು ಮಹಲ್ ಆದರೂ ಇದು ಹಿಂದಿರುವ ಸಣ್ಣ ಮಸೀದಿಯ ಹೆಬ್ಬಾಗಿಲು. ರಸ್ತೆಯಿಂದ ನೋಡಿದರೆ ಎರಡು ತೆಳ್ಳನೆಯ ಮಿನಾರುಗಳ ಗೋಪುರ ಅಷ್ಟೇ, ಅದಕ್ಕೇ ಜನ ನಿಲ್ಲದೆ ಹೋಗಿಬಿಡುತ್ತಾರೆ. ಹತ್ತಿರ ಹೋಗಿ ಬಾಲ್ಕನಿಯ ಕೆಳಗೆ ನಿಂತು ಕತ್ತೆತ್ತಿ. ಮೇಲಿನ ಚಜ್ಜಕ್ಕೆ ಓರೆಯಾಗಿ ಆನಿಸಿರುವ ಊರುಗೋಲುಗಳು ಮರದವೆಂದೇ ಅನ್ನಿಸುತ್ತವೆ. ಅಷ್ಟು ತೆಳು, ಅಷ್ಟು ಸೂಕ್ಷ್ಮ ಕೊರೆತ. ಅವೆಲ್ಲ ಕಲ್ಲು! ಬಡಗಿಯ ಕೆಲಸವನ್ನು ಕಲ್ಲುಕುಟಿಗ ಮಾಡಿ ತೋರಿಸಿದ್ದಾನೆ. ಇಡೀ ಊರಿನಲ್ಲಿ ಗಾತ್ರಕ್ಕೆ ಹೋಲಿಸಿದರೆ ಇದಕ್ಕಿಂತ ಚೆಲುವಾದ ಕಟ್ಟಡವಿಲ್ಲ ಎಂದು ಧೈರ್ಯವಾಗಿ ಹೇಳಬಹುದು. ಅರ್ಧ ಗಂಟೆ ಕೊಡಿ. ಫೋಟೊ ತೆಗೆಯುವವರು ಎದುರಿನ ಬದಿಗೆ ದಾಟಿ ನಿಲ್ಲುವುದು ಒಳ್ಳೆಯದು, ಬಾಗಿಲ ಬಳಿಯೇ ನಿಂತರೆ ದಾರಿಹೋಕರಿಗೆ ತೊಂದರೆ.

ಅಸಾರ್ ಮಹಲ್ ಕೂಡ ಹತ್ತಿರದಲ್ಲೇ. 1646ರ ಸುಮಾರಿಗೆ ನ್ಯಾಯಸಭೆಯಾಗಿ ಕಟ್ಟಿದ್ದು, ಮುಂದೆ ಪೈಗಂಬರರ ಕೇಶವನ್ನು ಇರಿಸಿದ ಪವಿತ್ರ ಸ್ಥಳವಾಯಿತು. ಒಳಗೆ ಹೆಂಗಸರಿಗೆ ಪ್ರವೇಶವಿಲ್ಲ, ಇದನ್ನು ಮೊದಲೇ ತಿಳಿದಿದ್ದರೆ ಬಾಗಿಲಲ್ಲಿ ಬೇಸರವಾಗುವುದಿಲ್ಲ. ಮುಂದಿನ ಹೊಂಡ, ಎತ್ತರದ ನಾಲ್ಕು ತೇಗದ ಕಂಬಗಳ ಮೊಗಸಾಲೆ ಎಲ್ಲರಿಗೂ ಹೊರಗಿನಿಂದಲೇ ಕಾಣುತ್ತವೆ.

ಮಧ್ಯಾಹ್ನ: ಖಾನಾವಳಿ

ಹನ್ನೆರಡೂವರೆಯಿಂದ ಮೂರರವರೆಗೆ ಹೊರಗೆ ತಿರುಗುವ ಹಟ ಬೇಡ. ಖಾನಾವಳಿಗೆ ಹೋಗಿ. ಕೂತ ಕೂಡಲೇ ಬಿಸಿ ರೊಟ್ಟಿ ಇದೆಯೇ ಎಂದು ಕೇಳಿ. ಕೇಳದಿದ್ದರೆ ಕೆಲವು ಕಡೆ ಚಪಾತಿ ಬಂದುಬಿಡುತ್ತದೆ. ಬಿಸಿ ಜೋಳದ ರೊಟ್ಟಿ ತವೆಯಿಂದ ಇಳಿದ ಐದು ನಿಮಿಷದೊಳಗೆ ತಿಂದರೆ ಮೆತ್ತಗೆ, ಆರಿದರೆ ನಾರು. ಜತೆಗೆ ಎಣ್ಣೆಗಾಯಿ, ಕಾಳಿನ ಪಲ್ಯ, ಜುಣಕ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಕೆನೆಮೊಸರು, ಹಸಿ ಉಳ್ಳಾಗಡ್ಡಿ. ಹಿಂಡಿಯನ್ನು ಮೊಸರಿನಲ್ಲೋ ಶೇಂಗಾ ಎಣ್ಣೆಯಲ್ಲೋ ಕಲಸಿಕೊಳ್ಳಿ. ಖಾರ ತಡೆಯದ ಮಕ್ಕಳಿಗೆ ಮೊಸರು ರೊಟ್ಟಿಯೇ ಸಾಕು. ಎರಡು ರೊಟ್ಟಿಗೆ ನಿಲ್ಲಿಸಿ, ಸಂಜೆ ಬುರುಜು ಹತ್ತುವುದಿದೆ.

ಮೊದಲ ದಿನದ ಸಂಜೆ: ಇಬ್ರಾಹಿಂ ರೋಜಾ, ಬುರುಜುಗಳು

ಮೂರು ಗಂಟೆಗೆ ಪಶ್ಚಿಮದ ಕಡೆ ಹೊರಡಿ. ದಾರಿಯಲ್ಲಿ ತಾಜ್ ಬಾವಡಿಯ ದೊಡ್ಡ ಕಮಾನಿನ ಕೆಳಗೆ ಐದು ನಿಮಿಷ ನಿಂತು ಮುಂದೆ ಹೋಗಿ.

ಇಬ್ರಾಹಿಂ ರೋಜಾದಲ್ಲಿ ಎರಡು ಕಟ್ಟಡಗಳು ಒಂದೇ ಜಗತಿಯ ಮೇಲೆ ಎದುರುಬದುರಾಗಿ ನಿಂತಿವೆ. ಪೂರ್ವಕ್ಕೆ ಎರಡನೇ ಇಬ್ರಾಹಿಂ ಆದಿಲ್ ಶಾಹ ಮತ್ತು ಅವನ ಮನೆಯವರ ಗೋರಿ, ಪಶ್ಚಿಮಕ್ಕೆ ಮಸೀದಿ, ನಡುವೆ ಕಾರಂಜಿಯ ತೊಟ್ಟಿ. ಇಬ್ರಾಹಿಂ ಆಳಿದ್ದು 1580ರಿಂದ 1627ರವರೆಗೆ. ಕಟ್ಟಿಸಿದವನು ಮಲಿಕ್ ಸಂದಲ್. ಗೋರಿಯ ಪಶ್ಚಿಮದ ಮುಖ ಮಧ್ಯಾಹ್ನ ಮೂರೂವರೆಯಿಂದ ನಾಲ್ಕೂವರೆಯ ಒಳಗೆ ಬೆಳಗುತ್ತದೆ. ಸೂರ್ಯ ಇನ್ನೂ ಇಳಿದರೆ ಮಸೀದಿಯ ನೆರಳು ಅದರ ಮೇಲೆ ಬೀಳುತ್ತ ಬರುತ್ತದೆ. ಐದೂವರೆಗೆ ತಲುಪಿ ‘ಏನೂ ಕಾಣಲಿಲ್ಲ’ ಎನ್ನುವವರಿಗೆ ಆಗುವುದು ಇದೇ.

ನೋಡುವ ಕ್ರಮ ಹೀಗಿರಲಿ. ಮೊದಲು ಗೋರಿಯ ಮೊಗಸಾಲೆಯಲ್ಲಿ ಗೋಡೆಗೆ ಒಂದು ಮೊಳ ದೂರದಲ್ಲಿ ಪೂರ್ತಿ ಒಂದು ಸುತ್ತು ಬನ್ನಿ. ಗೋಡೆಯ ತುಂಬ ಅರಬಿ, ಫಾರಸಿ ಬರಹ ಮತ್ತು ಹೂಬಳ್ಳಿ, ಉಬ್ಬು ಬಹಳ ಕಡಿಮೆ. ನೇರ ನಿಂತು ನೋಡಿದರೆ ಮಾಸಲು, ಬೆಳಕಿಗೆ ಅಡ್ಡವಾಗಿ ಓರೆಯಿಂದ ನೋಡಿದರೆ ಸ್ಪಷ್ಟ. ಆಮೇಲೆ ಕಿಟಕಿಗಳು. ಜಾಲಂದ್ರವೆಂದು ತೋರುವುದು ನಿಜವಾಗಿ ಅಕ್ಷರಗಳೇ. ಅಕ್ಷರ ಉಳಿಸಿ ನಡುವಿನ ಕಲ್ಲನ್ನು ಕೊರೆದು ತೆಗೆದಿದ್ದಾರೆ. ಒಳಗಿನ ಕತ್ತಲೆಯಿಂದ ಹೊರಗಿನ ಬೆಳಕಿಗೆ ನೋಡಿದಾಗ ಮಾತ್ರ ಅದು ಗೊತ್ತಾಗುವುದು, ಕಣ್ಣು ಹೊಂದಿಕೊಳ್ಳಲು ಎರಡು ನಿಮಿಷ ಬೇಕು. ಒಳಗಿನ ಕೋಣೆಯ ಚಾವಣಿಯನ್ನೂ ಮರೆಯದೆ ನೋಡಿ: ಸುಮಾರು 40 ಅಡಿ ಚದರದ ಕೋಣೆಯ ಮೇಲೆ, ಸುತ್ತ ಅಂಚು ಬಾಗಿ ನಡುವೆ ಚಪ್ಪಟೆಯಾದ ಕಲ್ಲಿನ ಚಾವಣಿ, ಕೆಳಗೆ ಒಂದು ಕಂಬವಿಲ್ಲ. ಕೊನೆಗೆ ಮಸೀದಿಯ ಸೂರಿನ ಮೂಲೆಗಳಲ್ಲಿ ಒಂದೇ ಕಲ್ಲಿನಲ್ಲಿ ಕಡೆದ ಸರಪಳಿಗಳನ್ನು ಹುಡುಕಿ. ಮಕ್ಕಳಿದ್ದರೆ ಹುಡುಕುವ ಕೆಲಸ ಅವರಿಗೇ ಕೊಡಿ.

ನಾಲ್ಕೂವರೆಗೆ ಅಲ್ಲಿಂದ ಎದ್ದರೆ ಮಲಿಕ್ ಮೈದಾನ ತೋಪಿಗೆ ಸಾಕಷ್ಟು ಹೊತ್ತು ಸಿಗುತ್ತದೆ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ಉದ್ದ ಸುಮಾರು 4.45 ಮೀಟರ್, ತೂಕ 55 ಟನ್. ಬಾಯಿಯ ಕಡೆ ಹೋಗಿ ನೋಡಿ. ಸಿಂಹದಂಥ ಮೃಗ ಆನೆಯನ್ನು ಕೋರೆಹಲ್ಲುಗಳ ನಡುವೆ ಹಿಡಿದಿದೆ. ಫೋಟೊಕ್ಕಾಗಿ ಮಕ್ಕಳನ್ನು ತೋಪಿನ ಮೇಲೆ ಹತ್ತಿಸಬೇಡಿ, ಜಾರುತ್ತದೆ, ಸಂರಕ್ಷಿತ ವಸ್ತು ಬೇರೆ.

ಉಪ್ಪಲಿ ಬುರುಜು ಅಲ್ಲಿಂದ ಹತ್ತಿರ. 1584ರಲ್ಲಿ ಹೈದರ್ ಖಾನ್ ಕಟ್ಟಿಸಿದ, ಸುಮಾರು 24 ಮೀಟರ್ ಎತ್ತರದ ದುಂಡು ಗೋಪುರ. ಮೆಟ್ಟಿಲು ಹೊರಮೈಗೆ ಸುತ್ತಿಕೊಂಡು ಏರುತ್ತದೆ. ಹತ್ತುವಾಗ ಗೋಡೆಯ ಬದಿಗೇ ಇರಿ, ಚಿಕ್ಕ ಮಕ್ಕಳ ಕೈ ಬಿಡಬೇಡಿ. ಸಂಜೆಯ ಸೂರ್ಯ ಬೆನ್ನ ಹಿಂದಿದ್ದಾಗ ಪೂರ್ವಕ್ಕೆ ಗೋಳಗುಮ್ಮಟ ಹೊಳೆಯುತ್ತ ಕಾಣುತ್ತದೆ. ಇಡೀ ಊರಿನ ನಕ್ಷೆ ಮನಸ್ಸಿಗೆ ಇಳಿಯುವುದು ಇಲ್ಲಿ: ಕೋಟೆಗೋಡೆ ಎಲ್ಲಿ ಹೋಗುತ್ತದೆ, ಅರಮನೆಗಳು ಎಲ್ಲಿದ್ದವು, ಇಬ್ರಾಹಿಂ ರೋಜಾ ಏಕೆ ಗೋಡೆಯ ಆಚೆ ಇದೆ. ಕತ್ತಲಾಗುವ ಮುಂಚೆ ಇಳಿಯಿರಿ.

ಎರಡನೇ ದಿನ: ಬಾಗಿಲು ತೆರೆಯುವ ಹೊತ್ತಿಗೆ ಗೋಳಗುಮ್ಮಟ

ಈ ಪ್ರವಾಸದಲ್ಲಿ ಒಂದೇ ಒಂದು ವಿಷಯಕ್ಕೆ ಹಟ ಹಿಡಿಯುವುದಾದರೆ ಇದಕ್ಕೆ ಹಿಡಿಯಿರಿ. ಬೆಳಿಗ್ಗೆ ಗೇಟು ತೆರೆಯುವಾಗ ನೀವು ಅಲ್ಲಿರಬೇಕು. ತೆರೆಯುವ ಸಮಯವನ್ನು ಹಿಂದಿನ ದಿನವೇ ಲಾಡ್ಜಿನಲ್ಲಿ ಅಥವಾ ಆಟೋದವರ ಹತ್ತಿರ ಕೇಳಿಟ್ಟುಕೊಳ್ಳಿ. ಇಬ್ರಾಹಿಂ ರೋಜಾ, ಗೋಳಗುಮ್ಮಟ ಎರಡಕ್ಕೂ ಪುರಾತತ್ವ ಇಲಾಖೆಯ ಟಿಕೆಟ್ಟು ಬೇರೆ ಬೇರೆ, 15 ವರ್ಷದೊಳಗಿನ ಮಕ್ಕಳಿಗೆ ಇಲ್ಲ. ಫೋನಿನಲ್ಲಿ ಕ್ಯೂಆರ್ ಮೂಲಕ ತೆಗೆದರೆ ಸ್ವಲ್ಪ ಕಡಿಮೆ. ಬೆಳಗಿನ ಹೊತ್ತು ನೆಟ್‌ವರ್ಕ್ ಕೈಕೊಟ್ಟರೆ ಇರಲಿ ಎಂದು ಚಿಲ್ಲರೆ ಇಟ್ಟುಕೊಳ್ಳಿ.

ತಡಮಾಡಿದರೆ ಏನಾಗುತ್ತದೆ? ಮೇಲಿನ ಪಿಸುಗುಟ್ಟುವ ಗ್ಯಾಲರಿಯ ಗುಣ ಹೇಗಿದೆಯೆಂದರೆ, ಅದು ಒಳ್ಳೆಯ ದನಿ, ಕೆಟ್ಟ ದನಿ ಎಂದು ಆರಿಸುವುದಿಲ್ಲ. ಒಂದು ಚಪ್ಪಾಳೆ ಹತ್ತು ಸಲದವರೆಗೂ ಮರುದನಿಸುತ್ತದೆ. ಹತ್ತು ಹುಡುಗರು ಕೂಗಿದರೆ ಆ ಮರುದನಿಗಳೆಲ್ಲ ಒಂದರ ಮೇಲೊಂದು ಬಿದ್ದು ಬರೀ ಗದ್ದಲ. ಎಂಟೂವರೆಯ ನಂತರ ಬಸ್ಸುಗಳು ಬರತೊಡಗಿದರೆ ಪಿಸುಮಾತು ಕೇಳುವ ಆಸೆ ಬಿಟ್ಟಂತೆಯೇ.

ಮೊದಲು ಹತ್ತಿಬಿಡಿ, ಕೆಳಗಿನದನ್ನು ಆಮೇಲೆ ನೋಡಬಹುದು. ಮೂಲೆಯ ಏಳಂತಸ್ತಿನ ಗೋಪುರದೊಳಗೆ ಮೆಟ್ಟಿಲು ಇಕ್ಕಟ್ಟು, ಎತ್ತರ ಒಂದೇ ಸಮನಾಗಿಲ್ಲ, ಅಲ್ಲಲ್ಲಿ ಕತ್ತಲು. ಬೆನ್ನಿಗೆ ದೊಡ್ಡ ಚೀಲ ಬೇಡ, ಎದುರಿನಿಂದ ಇಳಿಯುವವರಿಗೆ ದಾರಿ ಸಿಗುವುದಿಲ್ಲ. ಪ್ರತಿ ಅಂತಸ್ತಿನಲ್ಲೂ ಕಿಂಡಿಗಳಿವೆ, ಅಲ್ಲಿ ನಿಂತು ದಣಿವಾರಿಸಿಕೊಳ್ಳಿ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಅನುಮಾನವಿದ್ದರೆ ಅವರು ಕೆಳಗೆ ಸಭಾಂಗಣದಲ್ಲೇ ಇರಲಿ.

ಗ್ಯಾಲರಿ ನೆಲದಿಂದ ಸುಮಾರು 33 ಮೀಟರ್ ಎತ್ತರದಲ್ಲಿದೆ, ಗುಮ್ಮಟದ ಒಳ ಅಡ್ಡಳತೆ ಸುಮಾರು 38 ಮೀಟರ್. ಪಿಸುಮಾತಿಗೆ ಇಬ್ಬರು ಬೇಕು. ಒಬ್ಬರು ಒಂದು ಕಡೆ ನಿಂತಿರಲಿ, ಇನ್ನೊಬ್ಬರು ಸುತ್ತಿಕೊಂಡು ಹೋಗಿ ಸರಿಯಾಗಿ ಎದುರಿಗೆ ನಿಲ್ಲಲಿ. ಇಬ್ಬರೂ ಗೋಡೆಯ ಕಡೆ ಮುಖ ಮಾಡಬೇಕು. ಹೆಚ್ಚಿನವರು ತಪ್ಪುವುದು ಇಲ್ಲೇ, ಗೆಳೆಯನನ್ನು ನೋಡುತ್ತ ನಡುವಿನ ಖಾಲಿ ಜಾಗಕ್ಕೆ ಮಾತಾಡುತ್ತಾರೆ. ಬಾಯಿ ಗೋಡೆಯಿಂದ ಒಂದು ಗೇಣು ದೂರ. ಗಂಟಲ ದನಿ ಬೇಡ, ಉಸಿರಿನಲ್ಲಿ ಮಾತಾಡಿ, ಒಂದು ಸಲಕ್ಕೆ ನಾಲ್ಕೈದು ಪದ, ಆಮೇಲೆ ಹತ್ತು ಸೆಕೆಂಡು ಮೌನ. ದನಿ ಬಾಗಿದ ಗೋಡೆಗೆ ಅಂಟಿಕೊಂಡಂತೆ ಸಾಗಿ ಆಚೆಯವರ ಕಿವಿಯ ಹತ್ತಿರವೇ ಯಾರೋ ಹೇಳಿದ ಹಾಗೆ ಕೇಳುತ್ತದೆ. ಮಾತು ಸರಿಬರದಿದ್ದರೆ ಗೋಡೆಯ ಹತ್ತಿರ ಒಂದು ಹಾಳೆಯನ್ನು ಮೆಲ್ಲಗೆ ಹರಿಯಿರಿ, ಆ ಚರಚರ ಖಂಡಿತ ತಲುಪುತ್ತದೆ. ಹರಿದ ಚೂರನ್ನು ಜೇಬಿಗೆ ಹಾಕಿಕೊಳ್ಳಿ.

ಕೆಳಗಿಳಿದ ಮೇಲೆ ಸಭಾಂಗಣದ ಒಂದು ಮೂಲೆಗೆ ಹೋಗಿ ಗೋಡೆಗೆ ಬೆನ್ನು ಕೊಟ್ಟು ಮೇಲೆ ನೋಡಿ. ಚೌಕದ ಕೋಣೆಯ ಮೇಲೆ ದುಂಡು ಗುಮ್ಮಟ ಹೇಗೆ ಕುಳಿತಿದೆ ಎಂಬುದಕ್ಕೆ ಉತ್ತರ ಅಲ್ಲಿದೆ. ಎಂಟು ದೊಡ್ಡ ಕಮಾನುಗಳು ಒಂದನ್ನೊಂದು ಕತ್ತರಿಸುತ್ತ, ಎರಡು ಚೌಕಗಳನ್ನು ಓರೆಯಾಗಿ ಒಂದರ ಮೇಲೊಂದು ಇಟ್ಟ ಹಾಗೆ ಹೆಣೆದುಕೊಂಡಿವೆ. ಅವು ಮೇಲೆ ಏರುತ್ತ ಒಳಕ್ಕೆ ಬಾಗುತ್ತವೆ. ಹಾಗೆ ಒಳಕ್ಕೆ ಚಾಚಿದ ಕಟ್ಟಡದ ಭಾರ, ಗುಮ್ಮಟ ಗೋಡೆಗಳನ್ನು ಹೊರಕ್ಕೆ ತಳ್ಳುವ ಬಲಕ್ಕೆ ಎದುರಾಗಿ ನಿಲ್ಲುತ್ತದೆ. ನಡುವೆ ಕಂಬವೇ ಬೇಕಾಗಿಲ್ಲ.

ದಕ್ಷಿಣದ ಬಾಗಿಲ ಮೇಲೆ ಫಾರಸಿಯ ಮೂರು ಸಣ್ಣ ವಾಕ್ಯಗಳಿವೆ. ಅಕ್ಷರಗಳಿಗೆ ಸಂಖ್ಯೆ ಕೊಟ್ಟು ಕೂಡಿದರೆ ಮೂರರಿಂದಲೂ ಹಿಜರಿ 1067, ಅಂದರೆ ಕ್ರಿ.ಶ. 1656, ಇಲ್ಲಿ ಗೋರಿಯಿರುವ ಮಹಮ್ಮದ್ ಆದಿಲ್ ಶಾಹ ತೀರಿಕೊಂಡ ವರ್ಷ ಬರುತ್ತದೆ. ವೇದಿಕೆಯ ಮೇಲೆ ಕಾಣುವ ಗೋರಿಗಳು ಗುರುತಿಗೆ ಮಾತ್ರ, ನಿಜವಾದವು ಕೆಳಗಿನ ನೆಲಮಾಳಿಗೆಯಲ್ಲಿ. ವಸ್ತುಸಂಗ್ರಹಾಲಯ ಎದುರಿನ ನಗಾರಖಾನೆಯಲ್ಲಿದೆ. ತೆರೆಯುವವರೆಗೆ ಹಿಂಬದಿಯ ತೋಟದಲ್ಲಿ ಸುತ್ತಬಹುದು.

ನಾಷ್ಟಾ ಮುಗಿಸಿ ಬಾರಾ ಕಮಾನ್, ಆಮೇಲೆ ಗಗನ್ ಮಹಲ್. ಎರಡನೇ ಅಲಿ ಆದಿಲ್ ಶಾಹ 1672ರಲ್ಲಿ ತೀರಿಕೊಂಡಾಗ ಅರ್ಧಕ್ಕೇ ನಿಂತ ಗೋರಿ ಬಾರಾ ಕಮಾನ್. ಗಿಲಾವು ಕಾಣದ ಬೋಳು ಕಮಾನುಗಳನ್ನು ಹಿಂದಿನ ತಾಸಿನಲ್ಲಿ ನೋಡಿದ ಗೋಳಗುಮ್ಮಟದ ಜತೆ ಹೋಲಿಸಿ ನೋಡಿ, ಆ ಕಟ್ಟಡದ ಎಲುಬು ಹೇಗಿರಬೇಕೆಂದು ತಿಳಿಯುತ್ತದೆ. ಈ ಕ್ರಮದಲ್ಲಿ ಹೋಗಿ ಎನ್ನುವುದು ಅದಕ್ಕೇ. ಗಗನ್ ಮಹಲಿನ ನಡುಗಮಾನಿನ ಅಗಲ 60 ಅಡಿಗೂ ಹೆಚ್ಚು. 1686ರ ಸೆಪ್ಟೆಂಬರಿನಲ್ಲಿ ಕೊನೆಯ ಸುಲ್ತಾನ ಸಿಕಂದರನನ್ನು ಔರಂಗಜೇಬನ ಮುಂದೆ ಬೆಳ್ಳಿಯ ಸರಪಳಿಯಲ್ಲಿ ತಂದು ನಿಲ್ಲಿಸಿದ್ದು ಇಲ್ಲಿ ಎನ್ನುತ್ತಾರೆ.

ಅರ್ಧ ದಿನ ಉಳಿದರೆ

ತೊರವೆಗೆ ಹೋಗಿ, ಊರಿನಿಂದ ಪಶ್ಚಿಮಕ್ಕೆ ಐದಾರು ಕಿ.ಮೀ. ಕನ್ನಡದಲ್ಲಿ ಭಾಮಿನಿ ಷಟ್ಪದಿಯ ರಾಮಾಯಣ ಹುಟ್ಟಿದ ತೊರವೆ ಇದೇ. ನರಸಿಂಹನ ಗುಡಿಯ ದರ್ಶನ ಮಾಡಿಕೊಂಡು ಸಂಗೀತ ಮಹಲಿನ ಕಡೆ ನಡೆಯಿರಿ. 1599ರಲ್ಲಿ ಇಬ್ರಾಹಿಂ ಕಟ್ಟಲು ತೊಡಗಿದ ನವರಸಪುರ ಎಂಬ ಹೊಸ ನಗರದಲ್ಲಿ ಉಳಿದಿರುವುದು ಇಂಥ ಕೆಲವು ಅವಶೇಷಗಳು ಮಾತ್ರ, 1624ರಲ್ಲಿ ಅಹಮದನಗರದ ಸೇನಾಪತಿ ಮಲಿಕ್ ಅಂಬರನ ಸೈನ್ಯ ಅದನ್ನು ಹಾಳುಗೆಡವಿತು. ಹಳೆಯ ವಿಜಯಪುರಕ್ಕೆ ನೆಲದೊಳಗಿನ ಸುರಂಗದಲ್ಲಿ ನೀರು ಹೋಗುತ್ತಿದ್ದದ್ದೂ ತೊರವೆಯ ಕಡೆಯಿಂದಲೇ. ಊರೊಳಗೆ ಅಲ್ಲಲ್ಲಿ ಒಂಟಿಯಾಗಿ ನಿಂತಿರುವ ಚೌಕದ ಗೋಪುರಗಳು ಆ ನೀರಿನ ಗಂಜುಗಳು, ನೀರಿನ ಒತ್ತಡ ತಗ್ಗಿಸಲು ಕಟ್ಟಿದವು. ಬಾವಿ, ಸುರಂಗದ ಬಾಯಿಗಳ ಬಳಿ ಕಟ್ಟೆ ಇಲ್ಲದ ಕಡೆ ಅಂಚಿಗೆ ಹೋಗಬೇಡಿ, ಒಳಗಿಳಿಯುವ ಸಾಹಸವಂತೂ ಬೇಡವೇ ಬೇಡ.

ಕಾರಿದ್ದವರಿಗೆ ಇನ್ನೊಂದು ದಾರಿ ಪೂರ್ವದ ಕುಮಟಗಿ. ಕೆರೆಯ ಬದಿಯ ಬೇಸಿಗೆ ಅರಮನೆ, ಕಾರಂಜಿಗಳ ನೀರಿನ ಕೊಳವೆ, ಗೋಡೆಯ ಮೇಲೆ ಮಾಸಿಹೋದ ಚಿತ್ರಗಳು. ಒಂದೇ ಮಧ್ಯಾಹ್ನದಲ್ಲಿ ತೊರವೆ, ಕುಮಟಗಿ ಎರಡನ್ನೂ ಮುಗಿಸಲು ಹೋಗಬೇಡಿ. ಊರಿನ ಎರಡು ತುದಿಗಳಾಚೆ ಇರುವ ಜಾಗಗಳವು, ರಸ್ತೆಯಲ್ಲೇ ಹೊತ್ತು ಹೋಗುತ್ತದೆ. ಸಂಜೆಯ ರೈಲು ಹಿಡಿಯುವವರು ತೊರವೆ ಆರಿಸಿಕೊಳ್ಳಿ, ರಾತ್ರಿ ಬಸ್ಸಿನವರು ಕುಮಟಗಿ ನೋಡಬಹುದು. ಎರಡೂ ಕಡೆ ಅಂಗಡಿ ಮುಂಗಟ್ಟು ಕಡಿಮೆ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಊರಿನಿಂದಲೇ ಒಯ್ಯಿರಿ.

ಮನೆಗೆ ತರುವುದಕ್ಕೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಒಣದ್ರಾಕ್ಷಿ, ಇಂಡಿ ಕಡೆಯ ಲಿಂಬೆಹಣ್ಣು. ರೊಟ್ಟಿಯನ್ನು ಪ್ಲಾಸ್ಟಿಕ್ ಚೀಲಕ್ಕಿಂತ ಗಟ್ಟಿ ರಟ್ಟಿನ ಡಬ್ಬಿಯಲ್ಲಿ ಕಟ್ಟಿಸಿ, ಬರ್ತಿನ ಕೆಳಗೆ ತಳ್ಳದೆ ಮೇಲಿಡಿ, ಇಲ್ಲದಿದ್ದರೆ ಬೆಂಗಳೂರು ಮುಟ್ಟುವಾಗ ಪುಡಿ. ಹೋಳಿಗೆ ತೆಗೆದುಕೊಳ್ಳುವುದಾದರೆ ಶೇಂಗಾ ಹೋಳಿಗೆ ಕೇಳಿ, ಬೇಳೆಯದು ಮರುದಿನಕ್ಕೇ ಹಳಸುತ್ತದೆ, ಇದು ವಾರ ತಡೆಯುತ್ತದೆ.